ಹಳೇ ಮಿನಿ ಟ್ರ್ಯಾಕ್ಟರಿನ ಸವೆದ ಟೈ ರಾಡ್: ಪ್ಲೇ ಹುಡುಕಿ, ಬದಲಿಸಿ, ಗಾಲಿ ನೇರ ಮಾಡುವ ಸಮಗ್ರ ಮಾರ್ಗದರ್ಶಿ

ಸ್ಟೇರಿಂಗ್ ಕಾಲು ಸುತ್ತು ತಿರುಗಿದ ಮೇಲೆ ಮುಂದಿನ ಗಾಲಿ ಅಲ್ಲಾಡಲು ಶುರುವಾಗುತ್ತದೆ. ರಸ್ತೆಗೆ ಬಂದು ಟಾಪ್ ಗೇರ್ ಹಾಕಿದರೆ ಎರಡೂ ಗಾಲಿ ನಡುಗುತ್ತವೆ. ಮುಂದಿನ ಟಯರಿನ ಒಂದು ಅಂಚು ಮಾತ್ರ ನುಣ್ಣಗೆ ಸವೆದಿರುತ್ತದೆ. ತೋಟದಲ್ಲಿ ದುಡಿದು ಹಳೆಯದಾದ ಮಿನಿ ಟ್ರ್ಯಾಕ್ಟರಲ್ಲಿ ಈ ಮೂರೂ ಒಟ್ಟಿಗೆ ಕಾಣುವುದು ಮಾಮೂಲು. ಮಿತ್ಸುಬಿಷಿ ಶಕ್ತಿ, ಸ್ವರಾಜ್ 717, ಮಹೀಂದ್ರ ಯುವರಾಜ್ 215, ಹೀಗೆ 15ರಿಂದ 20 ಎಚ್‌ಪಿ ಒಳಗಿನ ಯಾವ ಗಾಡಿಯೇ ಇರಲಿ, ಇದಕ್ಕೆ ಕಾರಣ ಬಹುಪಾಲು ಒಂದೇ: ಗಾಲಿಗಳನ್ನು ಹಿಡಿದಿರುವ ಕೀಲುಗಳು ಸವೆದಿವೆ.

ಇದು ಮನೆಯ ಅಂಗಳದಲ್ಲೇ ಮಾಡಬಹುದಾದ ಕೆಲಸ. ದೊಡ್ಡ ಮೆಷಿನ್ ಬೇಡ. ಆದರೆ ಟೈ ರಾಡ್ ಎಂಡ್ (ಮುಂದಿನ ಎರಡು ಗಾಲಿಗಳನ್ನು ಜೋಡಿಸುವ ರಾಡಿನ ತುದಿಯ ಕೀಲು) ಕೊಂಡು ತಂದು ಹಾಕಿದ ಮೇಲೂ ಪ್ಲೇ, ಅಂದರೆ ಕೀಲಿನ ಸಡಿಲ ಆಟ, ಹಾಗೇ ಉಳಿದ ಗಾಡಿಗಳು ಬೇಕಾದಷ್ಟಿವೆ. ಯಾಕೆಂದರೆ ಪ್ಲೇ ಒಂದೇ ಕಡೆ ಕೂತಿರುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಬಿಚ್ಚುವುದಕ್ಕಿಂತ ಹುಡುಕುವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಇಲ್ಲಿ ಹೇಳುವುದು ಮುಖ್ಯವಾಗಿ ಟು ವೀಲ್ ಡ್ರೈವ್ ಗಾಡಿಗೆ. ಫೋರ್ ವೀಲ್ ಡ್ರೈವ್‌ನಲ್ಲಿ ಗಾಲಿಯ ಹತ್ತಿರದ ಜೋಡಣೆ ಬೇರೆ, ಟೈ ರಾಡ್ ಕೆಲಸ ಮಾತ್ರ ಹೆಚ್ಚುಕಮ್ಮಿ ಇದೇ.

ಕೈಯಿಂದ ಗಾಲಿಯವರೆಗೆ

ಸ್ಟೇರಿಂಗ್ ಚಕ್ರದ ಕೆಳಗೆ ಕಾಲಂ ಶಾಫ್ಟ್. ಅದರ ತುದಿಗೆ ಸ್ಟೇರಿಂಗ್ ಬಾಕ್ಸ್. ಬಾಕ್ಸಿನಿಂದ ಹೊರಗೆ ನೇತಾಡುವುದು ಡ್ರಾಪ್ ಆರ್ಮ್. ಡ್ರಾಪ್ ಆರ್ಮಿನಿಂದ ಒಂದು ಪಕ್ಕದ ಗಾಲಿಗೆ ಹೋಗುವ ಉದ್ದ ರಾಡ್ ಡ್ರ್ಯಾಗ್ ಲಿಂಕ್. ಆ ಗಾಲಿಯ ಸ್ಟೇರಿಂಗ್ ಆರ್ಮಿನಿಂದ ಇನ್ನೊಂದು ಗಾಲಿಯ ಆರ್ಮಿಗೆ ಅಡ್ಡ ಹೋಗುವುದೇ ಟೈ ರಾಡ್. ಕೆಲವು ಗಾಡಿಯಲ್ಲಿ ನಡುವಿನ ಒಂದು ಆರ್ಮಿನಿಂದ ಎರಡೂ ಕಡೆಗೆ ಎರಡು ರಾಡ್ ಹೋಗಿರುತ್ತವೆ. ಪವರ್ ಸ್ಟೇರಿಂಗ್ ಇದ್ದರೆ ಸಿಲಿಂಡರಿನ ತುದಿಯಲ್ಲೂ ಇಂಥದ್ದೇ ಕೀಲು ಇರುತ್ತದೆ.

ಪ್ರತಿ ರಾಡಿನ ತುದಿಯಲ್ಲಿ ಒಂದು ಬಾಲ್ ಜಾಯಿಂಟ್. ಒಂದು ಬಟ್ಟಲೊಳಗೆ ಗುಂಡು, ಗುಂಡಿನಿಂದ ಹೊರಗೆ ಬಂದ ಟೇಪರ್ ಪಿನ್ (ತುದಿಗೆ ಹೋಗುತ್ತಾ ಸಣ್ಣದಾಗುವ ಪಿನ್), ಮೇಲೆ ರಬ್ಬರ್ ಬೂಟ್. ಬೂಟ್ ಹರಿದ ದಿನವೇ ಜಾಯಿಂಟಿನ ಆಯಸ್ಸು ಮುಗಿಯಲು ಶುರು. ನಮ್ಮ ಕೆಂಪು ಮಣ್ಣು ನೀರಿನ ಜೊತೆ ಸೇರಿ ಒಳಗೆ ಹೋದರೆ ಉಜ್ಜು ಕಾಗದದ ಕೆಲಸ ಮಾಡುತ್ತದೆ. ಗದ್ದೆಯಲ್ಲಿ ಕೆಸರು ಹೊಡೆಯುವ ಗಾಡಿಗೆ ಇದು ಬೇಗ. ಅಡಿಕೆ ತೋಟದ ಗಾಡಿಗೆ ಇನ್ನೊಂದು ಪೆಟ್ಟು ಇದೆ. ಸಾಲು ದಾಟುವಾಗ ಮುಂದಿನ ಗಾಲಿ ಬಸಿಗಾಲುವೆಗೆ ದಡಕ್ಕನೆ ಇಳಿಯುತ್ತದೆ. ಆ ಹೊಡೆತ ನೇರ ಟೈ ರಾಡಿಗೆ ಬೀಳುತ್ತದೆ. ಲೋಡರ್ ಕಟ್ಟಿದ ಗಾಡಿಯಾದರೆ ಮುಂದಿನ ಭಾರ ಬೇರೆ.

ಒಂದು ಲೆಕ್ಕ ಮನಸ್ಸಿನಲ್ಲಿರಲಿ. ಸ್ಟೇರಿಂಗ್ ಆರ್ಮಿನ ಉದ್ದ 125 ಮಿ.ಮೀ., ಟಯರಿನ ವ್ಯಾಸ 500 ಮಿ.ಮೀ. ಅಂದುಕೊಳ್ಳಿ. ಟೈ ರಾಡಿನಲ್ಲಿ 1 ಮಿ.ಮೀ. ಸಡಿಲ ಇದ್ದರೆ ಎರಡು ಟಯರುಗಳ ನಡುವೆ ಮುಂಭಾಗದ ಅಂತರಕ್ಕೂ ಹಿಂಭಾಗದ ಅಂತರಕ್ಕೂ 4 ಮಿ.ಮೀ. ವ್ಯತ್ಯಾಸ ಬರುತ್ತದೆ. ಎರಡು ತುದಿಯಲ್ಲಿ ಒಂದೊಂದು ಮಿ.ಮೀ. ಆದರೆ 8. ಬೆರಳಿಗೆ ಅಷ್ಟಾಗಿ ಗೊತ್ತಾಗದ ಸವೆತ ಗಾಲಿಯನ್ನು ನಡುಗಿಸುವುದು ಹೀಗೆ.

ಗಾಡಿ ನಿಲ್ಲಿಸುವುದು

ಸಮತಟ್ಟಾದ ಗಟ್ಟಿ ನೆಲ ಬೇಕು. ಹಿಂದಿನ ರೋಟವೇಟರ್ ಅಥವಾ ಕಲ್ಟಿವೇಟರನ್ನು ನೆಲಕ್ಕೆ ಇಳಿಸಿ. ಎಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿ. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಗಾಲಿಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಅಥವಾ ಮರದ ತುಂಡು ಇಡಿ.

ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ಕಾರಿನ ಹಾಗಲ್ಲ. ನಡುವೆ ಒಂದು ಸೆಂಟರ್ ಪಿನ್ ಮೇಲೆ ಆಕಡೆ ಈಕಡೆ ವಾಲುತ್ತದೆ. ಒಂದು ಪಕ್ಕಕ್ಕೆ ಜಾಕಿ ಕೊಟ್ಟರೆ ಆಕ್ಸಲ್ ವಾಲುತ್ತದೆ, ಗಾಡಿಯ ಮೈ ಇನ್ನೊಂದು ಪಕ್ಕಕ್ಕೆ ಓಲಾಡಬಹುದು. ಅದಕ್ಕೆ ಮೊದಲು ಆಕ್ಸಲ್ ಮತ್ತು ಮುಂದಿನ ಸಪೋರ್ಟಿನ ನಡುವೆ ಎರಡೂ ಪಕ್ಕ ಗಟ್ಟಿ ಮರದ ಬೆಣೆ ಹೊಡೆಯಿರಿ. ಆಮೇಲೆ ಜಾಕಿ. ಎಂಜಿನ್ನಿನ ಆಯಿಲ್ ಸಂಪಿಗೆ ಜಾಕಿ ಕೊಡಬೇಡಿ, ಅದು ಒಡೆಯುತ್ತದೆ. ಎತ್ತಿದ ಮೇಲೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಅಥವಾ ಅಡ್ಡಡ್ಡ ಪೇರಿಸಿದ ದಪ್ಪ ಮರದ ದಿಮ್ಮಿ ಇಡಿ. ಹಾಲೋ ಬ್ಲಾಕ್, ಇಟ್ಟಿಗೆ ಬೇಡವೇ ಬೇಡ. ಅವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ. ಜಾಕಿಯೊಂದನ್ನೇ ನಂಬಿ ಕೆಳಗೆ ಕೈ ಹಾಕಬೇಡಿ.

ಪ್ಲೇ ಎಲ್ಲಿದೆ ಅಂತ ಹುಡುಕುವುದು

ಈ ಕೆಲಸಕ್ಕೆ ಇನ್ನೊಬ್ಬರು ಬೇಕು. ಮೊದಲನೇ ಪರೀಕ್ಷೆ ಜಾಕಿ ಕೊಡುವ ಮುಂಚೆ, ಗಾಲಿಗಳು ನೆಲದ ಮೇಲೆ ಇರುವಾಗಲೇ, ಎಂಜಿನ್ ಬಂದ್ ಇರುವಾಗಲೇ. ಒಬ್ಬರು ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸಣ್ಣದಾಗಿ, ಒಂದೇ ಸಮನೆ ಆಡಿಸುತ್ತಿರಬೇಕು. ಗಾಲಿ ತಿರುಗುವಷ್ಟಲ್ಲ, ಬಿಗಿ ಸಿಗುವಷ್ಟು ಮಾತ್ರ. ಇನ್ನೊಬ್ಬರು ಒಂದೊಂದೇ ಕೀಲಿನ ಮೇಲೆ ಅಂಗೈ ಇಡುತ್ತಾ ಬರಬೇಕು. ಬೆರಳು ಅರ್ಧ ಬಟ್ಟಲಿನ ಮೇಲೆ, ಅರ್ಧ ಆರ್ಮಿನ ಮೇಲೆ ಇರಲಿ. ಎರಡೂ ಒಟ್ಟಿಗೆ ಚಲಿಸಿದರೆ ಆ ಕೀಲು ಸರಿ. ಒಂದು ಚಲಿಸಿ, ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಚಲಿಸಿದರೆ, ಟಕ್ ಅಂತ ಬೆರಳಿಗೆ ತಾಗಿದರೆ, ಕಳ್ಳ ಸಿಕ್ಕಿದ.

ಸ್ಟೇರಿಂಗ್ ಕಡೆಯಿಂದ ಶುರು ಮಾಡಿ ಗಾಲಿಯ ಕಡೆಗೆ ಬನ್ನಿ. ಈ ಕ್ರಮ ತಪ್ಪಿಸಬೇಡಿ.

ಕಾಲಂ ಶಾಫ್ಟ್ ತಿರುಗುತ್ತಿದೆ, ಡ್ರಾಪ್ ಆರ್ಮ್ ಸುಮ್ನೆ ನಿಂತಿದೆ ಅಂದರೆ ಪ್ಲೇ ಬಾಕ್ಸಿನೊಳಗೆ. ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳನ್ನೂ ಅದೇ ಹೊತ್ತಿಗೆ ನೋಡಿ. ಬಾಕ್ಸೇ ಅಲ್ಲಾಡುತ್ತಿದ್ದರೆ ಬೋಲ್ಟ್ ಬಿಗಿ ಮಾಡಿದರೆ ಸಾಕು, ಒಂದು ಪೈಸೆ ಖರ್ಚಿಲ್ಲ. ಡ್ರಾಪ್ ಆರ್ಮ್ ಕೂತಿರುವ ಹಲ್ಲಿನ ಶಾಫ್ಟಿನ ನಟ್ ಸಡಿಲವಾಗಿದ್ದರೂ ಇದೇ ಲಕ್ಷಣ. ಆಮೇಲೆ ಡ್ರ್ಯಾಗ್ ಲಿಂಕಿನ ಹಿಂದಿನ ತುದಿ, ಮುಂದಿನ ತುದಿ. ಆಮೇಲೆ ಟೈ ರಾಡಿನ ಎಡ ತುದಿ, ಬಲ ತುದಿ.

ಟೈ ರಾಡಿನ ನಡುವನ್ನು ಮರೆಯಬೇಡಿ. ಗಾಲಿಗಳ ಅಗಲ ಹೆಚ್ಚುಕಮ್ಮಿ ಮಾಡಬಹುದಾದ ಗಾಡಿಗಳಲ್ಲಿ ಟೈ ರಾಡ್ ಒಂದರೊಳಗೊಂದು ಜಾರುವ ಎರಡು ತುಂಡು. ಸಾಲಾಗಿ ತೂತು, ಒಂದು ಬೋಲ್ಟ್ ಅಥವಾ ಕ್ಲ್ಯಾಂಪ್. ಆ ತೂತು ಉದ್ದುದ್ದವಾಗಿ ಸವೆದಿದ್ದರೆ ಹೊಸ ಬಾಲ್ ಜಾಯಿಂಟ್ ಹಾಕಿದರೂ ಗಾಲಿ ನಡುಗುವುದು ನಿಲ್ಲುವುದಿಲ್ಲ. ಬಹಳ ಜನ ನೋಡದೇ ಬಿಡುವ ಜಾಗ ಇದು. ಅಂಥ ತೂತನ್ನು ಲೇತ್ ಅಂಗಡಿಯಲ್ಲಿ ಒಂದು ಸೈಜ್ ದೊಡ್ಡದು ಮಾಡಿಸಿ, ಅದಕ್ಕೆ ಸರಿಯಾದ ಹೈ ಟೆನ್ಸೈಲ್ ಬೋಲ್ಟ್ ಹಾಕಿಸಿ. ಬೋಲ್ಟಿನ ಥ್ರೆಡ್ ಇಲ್ಲದ ನುಣುಪು ಭಾಗ ತೂತಿನೊಳಗೆ ಕೂರಬೇಕು.

ಎರಡನೇ ಪರೀಕ್ಷೆ ಗಾಲಿ ಎತ್ತಿದ ಮೇಲೆ. ಗಾಲಿಯ ತಲೆಯನ್ನು ಒಂದು ಕೈಯಲ್ಲಿ, ಬುಡವನ್ನು ಇನ್ನೊಂದು ಕೈಯಲ್ಲಿ ಹಿಡಿದು ಒಳಕ್ಕೆ ಹೊರಕ್ಕೆ ಆಡಿಸಿ. ಇಲ್ಲಿ ಆಟ ಇದ್ದರೆ ಅದು ಟೈ ರಾಡಲ್ಲ. ಹಬ್ಬಿನ (ಗಾಲಿಯ ನಡುವಿನ ಗುಂಭದ) ಬೇರಿಂಗ್ ಇರಬಹುದು, ಇಲ್ಲವೇ ಕಿಂಗ್ ಪಿನ್ ಬುಷ್, ಅಂದರೆ ಗಾಲಿ ಎಡಕ್ಕೆ ಬಲಕ್ಕೆ ತಿರುಗುವ ನಿಂತ ಪಿನ್ನಿನ ಸುತ್ತಲಿನ ಬಳೆ. ಯಾವುದು ಅಂತ ತಿಳಿಯಲು ಗಾಲಿಯ ಹಿಂಬದಿ ನೋಡಿ. ಹಬ್ ಮಾತ್ರ ಆಡಿ, ಅದರ ಹಿಂದಿನ ಸ್ಪಿಂಡಲ್ (ಹಬ್ ಕೂತಿರುವ ಅಚ್ಚು) ನಿಂತಿದ್ದರೆ ಬೇರಿಂಗ್. ಸ್ಪಿಂಡಲ್ ಸಮೇತ ಆಡಿದರೆ ಕಿಂಗ್ ಪಿನ್ ಬುಷ್. ಈಗ ಗಾಲಿಯ ಮುಂದಿನ ಅಂಚು, ಹಿಂದಿನ ಅಂಚು ಹಿಡಿದು ಆಡಿಸಿ. ಈ ದಿಕ್ಕಿನಲ್ಲಿ ಮಾತ್ರ ಆಟ ಇದ್ದು, ಇನ್ನೊಂದು ಗಾಲಿ ಜೊತೆಗೆ ತಿರುಗದಿದ್ದರೆ ಟೈ ರಾಡ್ ಖಂಡಿತ ಸವೆದಿದೆ. ಕೊನೆಗೆ ಆಕ್ಸಲ್ಲಿನ ಸೆಂಟರ್ ಪಿನ್. ಬೆಣೆ ಹೊಡೆದಿರುವಾಗ ಇದರ ಸಡಿಲ ಕಾಣುವುದಿಲ್ಲ. ಎಲ್ಲಾ ಕೆಲಸ ಮುಗಿದು ಗಾಡಿ ನೆಲಕ್ಕೆ ಇಳಿದು ಬೆಣೆ ತೆಗೆದ ಮೇಲೆ, ಆಕ್ಸಲ್ ಸಪೋರ್ಟಿನೊಳಗೆ ಹಿಂದೆ ಮುಂದೆ ಜರುಗುತ್ತದಾ ಅಂತ ಒಂದು ಸರಳು ಹಾಕಿ ಮೀಟಿ ನೋಡಿ.

ಸಿಕ್ಕಿದ್ದನ್ನೆಲ್ಲಾ ಸೀಮೆಸುಣ್ಣದಲ್ಲಿ ಅಲ್ಲೇ ಗುರುತು ಹಾಕಿ. ಆಮೇಲಷ್ಟೇ ಅಂಗಡಿಗೆ ಹೋಗುವ ಮಾತು.

ಸಾಮಾನು ತರುವಾಗ

ಬೇಕಾದ ಟೂಲ್ಸ್ ಸಾಮಾನ್ಯದ್ದೇ: 17, 19, 22, 24ರ ಸ್ಪಾನರ್, ಪೈಪ್ ರೆಂಚ್, ಇಕ್ಕಳ, ಎರಡು ಸುತ್ತಿಗೆ (ಒಂದು ಭಾರದ್ದು), ವೈರ್ ಬ್ರಷ್, ಟೇಪು, ತುಕ್ಕು ಬಿಡಿಸುವ ಎಣ್ಣೆ, ಗ್ರೀಸ್ ಗನ್. ಬಾಲ್ ಜಾಯಿಂಟ್ ಪುಲ್ಲರ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಗಾಡಿಯ ಹೆಸರು ಹೇಳಿದರೆ ಡೀಲರ್ ಹತ್ತಿರ ಸಿಗುತ್ತದೆ. ತೀರಾ ಹಳೇ ಗಾಡಿಗೆ ಸಿಗದಿದ್ದಾಗ ಕಾರು, ಜೀಪಿನ ಟೈ ರಾಡ್ ಎಂಡ್ ಹೊಂದಿಸುವುದು ರೂಢಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಗಳಲ್ಲಿ ಹಳೇದನ್ನು ಕೌಂಟರ್ ಮೇಲಿಟ್ಟರೆ ಹೋಲುವ ಹತ್ತು ತುಂಡು ತೋರಿಸುತ್ತಾರೆ. ಹೋಲಿದರೆ ಸಾಲದು. ನಾಲ್ಕು ವಿಷಯ ಕೂಡಿಬರಬೇಕು.

ಮೊದಲನೆಯದು ಥ್ರೆಡ್. ಎಂ12, ಎಂ14, ಎಂ16 (ಅಂಕಿ ಅಂದರೆ ಮಿ.ಮೀ.ನಲ್ಲಿ ದಪ್ಪ) ಸಾಮಾನ್ಯ, ಪಿಚ್ (ಒಂದು ಥ್ರೆಡ್ಡಿನಿಂದ ಪಕ್ಕದ್ದಕ್ಕೆ ಇರುವ ಅಂತರ) ಬಹುಪಾಲು 1.5 ಮಿ.ಮೀ. ಅಥವಾ 1.25. ಪಿಚ್ ಬೇರೆಯಾದರೆ ನಾಲ್ಕು ಸುತ್ತು ಒಳಗೆ ಹೋಗಿ ಬಿಗಿಯಾಗುತ್ತದೆ. ಒತ್ತಾಯ ಮಾಡಿದರೆ ರಾಡಿನ ಥ್ರೆಡ್ಡೂ ಹಾಳು. ಎರಡನೆಯದು ಥ್ರೆಡ್ಡಿನ ದಿಕ್ಕು. ಬಹಳ ಟೈ ರಾಡಿನಲ್ಲಿ ಒಂದು ತುದಿ ಬಲ ಥ್ರೆಡ್, ಇನ್ನೊಂದು ಎಡ ಥ್ರೆಡ್. ಎರಡೂ ಬಲವೇ ಇರುವ ಗಾಡಿಯೂ ಇದೆ. ನೋಡಿ ತನ್ನಿ. ಮೂರನೆಯದು ಪಿನ್ನಿನ ಉದ್ದ ಮತ್ತು ದಪ್ಪ.

ನಾಲ್ಕನೆಯದೇ ಜನ ಏಮಾರುವ ಜಾಗ: ಟೇಪರ್. ಮೆಟ್ರಿಕ್ ಬಾಲ್ ಜಾಯಿಂಟುಗಳಲ್ಲಿ ಟೇಪರ್ ಸಾಮಾನ್ಯವಾಗಿ 10 ಮಿ.ಮೀ. ಉದ್ದಕ್ಕೆ 1 ಮಿ.ಮೀ. ವ್ಯಾಸ ಕಮ್ಮಿಯಾಗುವ ಹಾಗೆ. ಅಮೆರಿಕನ್ ಅಳತೆಯ ಜೀಪು, ಟ್ರಕ್ಕಿನವು 8ಕ್ಕೆ 1. ಕಣ್ಣಿಗೆ ಒಂದೇ ಥರ ಕಾಣುತ್ತವೆ, ಕೈಯಲ್ಲಿ ಹಾಕಿದರೆ ಕೂತ ಹಾಗೂ ಅನಿಸುತ್ತದೆ. ಆದರೆ ತಾಗುವುದು ಒಂದು ಅಂಚಿನಲ್ಲಿ ಮಾತ್ರ. ಸ್ವಲ್ಪ ದಿನಕ್ಕೆ ಆರ್ಮಿನ ತೂತು ಅಗಲವಾಗುತ್ತದೆ, ಪಿನ್ ಮುರಿಯಲೂಬಹುದು. ಪರೀಕ್ಷೆ ಸುಲಭ. ಪಿನ್ನಿನ ಮೇಲೆ ಉದ್ದಕ್ಕೆ ಮಾರ್ಕರ್ ಪೆನ್ನಿನಲ್ಲಿ ಮೂರ್ನಾಲ್ಕು ಗೆರೆ ಎಳೆಯಿರಿ. ತೂತಿನೊಳಗೆ ಒತ್ತಿ ಸ್ವಲ್ಪ ತಿರುಗಿಸಿ ತೆಗೆಯಿರಿ. ಗೆರೆ ಉದ್ದಕ್ಕೂ ಅಳಿಸಿದ್ದರೆ ಟೇಪರ್ ಸರಿ. ಒಂದು ತುದಿಯಲ್ಲಿ ಮಾತ್ರ ಅಳಿಸಿದ್ದರೆ ಆ ಜಾಯಿಂಟ್ ವಾಪಸ್ ಕೊಡಿ.

ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಎರಡು ಕಾಲಿನ ಸ್ಪ್ಲಿಟ್ ಪಿನ್ ಹೊಸದು ಮರೆಯದೇ ತನ್ನಿ. ಗ್ರೀಸ್ ನಿಪ್ಪಲ್ ಇರುವ ಜಾಯಿಂಟ್ ಸಿಕ್ಕರೆ ಅದನ್ನೇ ಆರಿಸಿ. ಕೆಸರಿನ ಕೆಲಸಕ್ಕೆ ಸೀಲ್ಡ್ ಜಾಯಿಂಟಿಗಿಂತ ಅದು ಎಷ್ಟೋ ಮೇಲು.

ಬಿಚ್ಚುವ ಮುಂಚೆ ಅಳತೆ

ಹಿಂದಿನ ರಾತ್ರಿಯೇ ಎಲ್ಲಾ ನಟ್ಟು, ಥ್ರೆಡ್ಡುಗಳಿಗೆ ವೈರ್ ಬ್ರಷ್ ಹಾಕಿ ಉಜ್ಜಿ ತುಕ್ಕಿನ ಎಣ್ಣೆ ಬಿಡಿ. ಬೆಳಗ್ಗೆ ಕೆಲಸ ಅರ್ಧ ಆಗಿರುತ್ತದೆ.

ಟೈ ರಾಡಿನ ಒಂದು ಬಾಲಿನ ನಡುವಿನಿಂದ ಇನ್ನೊಂದರ ನಡುವಿಗೆ ಎಷ್ಟು ಮಿ.ಮೀ. ಅಂತ ಅಳೆದು ಬರೆದಿಡಿ. ಚೆಕ್ ನಟ್ಟಿನಿಂದ (ಜಾಯಿಂಟ್ ರಾಡಿನಲ್ಲಿ ತಿರುಗದಂತೆ ಬಿಗಿ ಹಿಡಿಯುವ ನಟ್) ಹೊರಗೆ ಕಾಣುವ ಥ್ರೆಡ್ ಎಷ್ಟು ಅಂತಲೂ ಎಣಿಸಿ. ರಾಡು ಆಕ್ಸಲ್ಲಿನ ಮುಂದಿದೆಯೋ ಹಿಂದಿದೆಯೋ, ಪಿನ್ ಮೇಲಿಂದ ಇಳಿದಿದೆಯೋ ಕೆಳಗಿಂದ ಏರಿದೆಯೋ ನೋಡಿ. ಫೋನಿನಲ್ಲಿ ನಾಲ್ಕು ಫೋಟೋ ತೆಗೆದಿಟ್ಟರೆ ಮಧ್ಯಾಹ್ನ ನೆನಪು ಕೈಕೊಡುವುದಿಲ್ಲ.

ಕಳಚುವುದು

ಮೊದಲು ಚೆಕ್ ನಟ್ ಸಡಿಲಿಸಿ, ಆಮೇಲೆ ಪಿನ್ ಬಿಡಿಸಿ. ರಾಡು ಇನ್ನೂ ಗಾಡಿಯಲ್ಲಿ ಗಟ್ಟಿಯಾಗಿ ಕೂತಿರುವಾಗ ಚೆಕ್ ನಟ್ ಬಿಚ್ಚುವುದು ಸುಲಭ. ರಾಡು ಕೈಗೆ ಬಂದ ಮೇಲೆ ಹಿಡಿದುಕೊಳ್ಳಲು ವೈಸ್ ಬೇಕಾಗುತ್ತದೆ. ಎಡ ಥ್ರೆಡ್ ತುದಿಯಲ್ಲಿ ಚೆಕ್ ನಟ್ ಬಿಚ್ಚುವ ದಿಕ್ಕೂ ಉಲ್ಟಾ ಅನ್ನುವುದು ನೆನಪಿರಲಿ.

ಈಗ ಸ್ಪ್ಲಿಟ್ ಪಿನ್ ತೆಗೆಯಿರಿ. ತುಕ್ಕು ಹಿಡಿದು ಮುರಿದರೆ ಉಳಿದ ತುಂಡನ್ನು ಸಣ್ಣ ಪಂಚಿನಿಂದ ತಟ್ಟಿ ಹೊರಹಾಕಿ. ಕ್ಯಾಸಲ್ ನಟ್ಟನ್ನು (ಸ್ಪ್ಲಿಟ್ ಪಿನ್ನಿಗೆ ಸೀಳು ಇರುವ ನಟ್) ಪೂರ್ತಿ ತೆಗೆಯದೆ, ಪಿನ್ನಿನ ತುದಿಗೆ ಸಮ ಬರುವವರೆಗೆ ಮಾತ್ರ ಸಡಿಲಿಸಿ. ಟೇಪರ್ ಬಿಟ್ಟಾಗ ರಾಡು ಕಾಲ ಮೇಲೆ ಬೀಳದಂತೆ ಅದು ತಡೆಯುತ್ತದೆ.

ಪುಲ್ಲರ್ ಇಲ್ಲದಿದ್ದರೆ ಎರಡು ಸುತ್ತಿಗೆಯ ಉಪಾಯ. ಪಿನ್ ಕೂತಿರುವ ಆರ್ಮಿನ ಕಣ್ಣಿಗೆ (ತೂತಿನ ಸುತ್ತಲಿನ ದಪ್ಪ ಭಾಗಕ್ಕೆ) ಒಂದು ಪಕ್ಕ ಭಾರದ ಸುತ್ತಿಗೆ ಒತ್ತಿ ಹಿಡಿಯಿರಿ. ಎದುರು ಪಕ್ಕದಿಂದ ಇನ್ನೊಂದು ಸುತ್ತಿಗೆಯಲ್ಲಿ ಆ ಕಣ್ಣಿನ ಪಕ್ಕಕ್ಕೇ ಚುರುಕಾಗಿ ಹೊಡೆಯಿರಿ. ಕಣ್ಣು ಕ್ಷಣಮಾತ್ರ ಚಪ್ಪಟೆಯಾಗಿ ಟೇಪರ್ ಹಿಡಿತ ಬಿಡುತ್ತದೆ. ಮೆಲ್ಲಗೆ ನೂರು ಸಲ ಹೊಡೆಯುವುದಕ್ಕಿಂತ ಗಟ್ಟಿಯಾಗಿ ಮೂರ್ನಾಲ್ಕು ಏಟು ವಾಸಿ. ಪಿನ್ನಿನ ತುದಿಗೆ ಮಾತ್ರ ಹೊಡೆಯಬೇಡಿ. ಥ್ರೆಡ್ ಅಣಬೆಯ ಹಾಗೆ ಅರಳಿದರೆ ಪಿನ್ ತೂತಿನಿಂದ ಹೊರಗೇ ಬರುವುದಿಲ್ಲ. ನಿಮ್ಮ ಕಣ್ಣಿಗೆ ಕನ್ನಡಕ ಇರಲಿ. ಗಟ್ಟಿ ಕಬ್ಬಿಣದ ಚೂರು ಹಾರುತ್ತದೆ.

ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಕಾಯಿಸುವುದು ಬೇಡ. ಆರ್ಮ್ ಫೋರ್ಜ್ ಮಾಡಿದ ಉಕ್ಕು, ಕೆಂಪು ಕಾವಿಗೆ ಅದರ ಬಲ ಹೋಗುತ್ತದೆ. ಜಾಯಿಂಟಿನೊಳಗೆ ಉಳಿದ ಗ್ರೀಸ್ ಹತ್ತಿಕೊಂಡು ಸಿಡಿಯುವುದೂ ಉಂಟು.

ಹಳೇ ಜಾಯಿಂಟನ್ನು ರಾಡಿನಿಂದ ತಿರುಗಿಸಿ ತೆಗೆಯುವಾಗ ಸುತ್ತು ಎಣಿಸಿ, ಬರೆದಿಡಿ. ಹೊಸದನ್ನು ಅಷ್ಟೇ ಸುತ್ತು ಒಳಗೆ ಹಾಕಿದರೆ ಗಾಲಿ ಹೆಚ್ಚುಕಮ್ಮಿ ಮೊದಲಿನ ಜಾಗಕ್ಕೇ ಬರುತ್ತದೆ.

ವೆಲ್ಡಿಂಗ್ ಬಗ್ಗೆ

ಸವೆದ ಬಟ್ಟಲಿನ ಮುಚ್ಚಳಕ್ಕೆ ಸುತ್ತಿಗೆ ಹೊಡೆದು ಬಿಗಿ ಮಾಡುವುದು, ಮೇಲೊಂದು ವೆಲ್ಡಿಂಗ್ ಚುಕ್ಕೆ ಇಡುವುದು, ಪಿನ್ನಿನ ಸವೆತವನ್ನು ವೆಲ್ಡ್ ಮಾಡಿ ತುಂಬಿ ಉಜ್ಜುವುದು. ಇದನ್ನೆಲ್ಲಾ ಎಷ್ಟೋ ಕಡೆ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ, ಮಾಡಿಸಬೇಡಿ. ಬಾಲ್ ಪಿನ್ ಹದ ಹಾಕಿದ ಉಕ್ಕು. ವೆಲ್ಡಿಂಗ್ ಕಾವಿಗೆ ಅದರ ಹದ ಕೆಟ್ಟು, ಒಂದು ಕಡೆ ಮೆತ್ತಗೆ, ಪಕ್ಕದಲ್ಲೇ ಗಾಜಿನಷ್ಟು ಪೆಡಸು ಆಗುತ್ತದೆ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಒಳಗಿನ ಪ್ಲಾಸ್ಟಿಕ್ ಸೀಟ್ ಕರಗಿ ಹೋಗಿರುತ್ತದೆ. ಟೈ ರಾಡ್ ಓಡುವಾಗ ಕಳಚಿದರೆ ಎರಡು ಗಾಲಿ ಎರಡು ದಿಕ್ಕಿಗೆ ಹೋಗುತ್ತವೆ. ಇಳಿಜಾರಿನಲ್ಲೋ ಕೆರೆ ಏರಿ ಮೇಲೋ ಟ್ರೇಲರ್ ಎಳೆಯುವಾಗ ಹೀಗಾದರೆ ಸ್ಟೇರಿಂಗ್ ಹಿಡಿದವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಮಿನಿ ಟ್ರ್ಯಾಕ್ಟರ್ ಸಣ್ಣದು, ವೇಗ ಕಮ್ಮಿ ಅನ್ನುವ ಸಮಾಧಾನ ಇಲ್ಲಿ ಬೇಡ. ಪಲ್ಟಿಯಾಗಲು ವೇಗ ಬೇಕಿಲ್ಲ.

ಸ್ಪ್ಲಿಟ್ ಪಿನ್ ಬದಲು ಮೊಳೆ ಬಗ್ಗಿಸಿ ಹಾಕುವುದು, ಬೈಂಡಿಂಗ್ ವೈರ್ ಸುತ್ತುವುದು ಕೂಡ ಇದೇ ಸಾಲಿಗೆ ಸೇರಿದ್ದು.

ರಾಡು ಬಗ್ಗಿದ್ದರೆ? ಗಟ್ಟಿ ಸರಳಿನ ರಾಡು ಸ್ವಲ್ಪ ಬಾಗಿದ್ದರೆ ಕಾಯಿಸದೆ ಪ್ರೆಸ್ಸಿನಲ್ಲಿ ಒಂದು ಸಲ ನೇರ ಮಾಡಬಹುದು. ಪೈಪಿನ ರಾಡು ಮಡಚಿ ಸುಕ್ಕು ಬಿದ್ದಿದ್ದರೆ ಹೊಸದೇ ಗತಿ.

ಆರ್ಮಿನ ತೂತೇ ಸವೆದಿದ್ದರೆ

ಬಹಳ ದಿನ ಸಡಿಲ ನಟ್ಟಿನಲ್ಲೇ ಓಡಿದ ಗಾಡಿಯಲ್ಲಿ ಪಿನ್ ಕೂರುವ ತೂತು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಹೊಸ ಪಿನ್ ಅದರಲ್ಲಿ ಕೂರುವುದಿಲ್ಲ. ಬೇರೆ ಆರ್ಮ್ ಸಿಕ್ಕರೆ ಅದೇ ಒಳ್ಳೆಯ ದಾರಿ. ಸಿಗದಿದ್ದರೆ ಆರ್ಮ್ ಬಿಚ್ಚಿ ಒಳ್ಳೆಯ ಲೇತ್ ಅಂಗಡಿಗೆ ಒಯ್ಯಿರಿ. ತೂತನ್ನು ದುಂಡಗೆ ದೊಡ್ಡದು ಮಾಡಿ, ಉಕ್ಕಿನ ಬುಷ್ ಬಿಗಿಯಾಗಿ ಒತ್ತಿ ಕೂರಿಸಿ, ಆ ಬುಷ್ ಒಳಗೆ ಹೊಸ ಪಿನ್ನಿನ ಟೇಪರ್ ರೀಮರ್ ಹೊಡೆಸುವುದು ಅವರ ಕೆಲಸ. ಹೊಸ ಜಾಯಿಂಟನ್ನು ಜೊತೆಗೆ ಒಯ್ದು ಅಲ್ಲೇ ಮಾರ್ಕರ್ ಗೆರೆಯ ಪರೀಕ್ಷೆ ಮಾಡಿ ನೋಡಿ. ತೂತು ಕೊರೆದ ಮೇಲೆ ಕಣ್ಣಿನ ಸುತ್ತ ಲೋಹ ತೀರಾ ತೆಳ್ಳಗೆ ಉಳಿಯುವ ಹಾಗಿದ್ದರೆ ಈ ದಾರಿ ಬಿಡಿ.

ತೀರಾ ಹಳೇ ಸಣ್ಣ ಗಾಡಿಗಳಲ್ಲಿ ಬಾಲ್ ಜಾಯಿಂಟೇ ಇರುವುದಿಲ್ಲ. ರಾಡಿನ ತುದಿ ಬಗ್ಗಿಸಿ ತೂತಿಗೆ ತೂರಿಸಿ ಪಿನ್ ಹಾಕಿರುತ್ತಾರೆ. ವಿದೇಶದ ಹಳೇ ಲಾನ್ ಟ್ರ್ಯಾಕ್ಟರುಗಳಲ್ಲೂ ಇದು ಸಾಮಾನ್ಯ. ಇಂಥದ್ದಕ್ಕೆ ರಾಡ್ ಎಂಡ್ ಬೇರಿಂಗ್ (ನಡುವೆ ತೂತಿರುವ ಗುಂಡನ್ನು ಬಳೆಯೊಳಗೆ ಕೂರಿಸಿದ ಕೀಲು) ಒಳ್ಳೆಯ ಬದಲಿ. ಅದಕ್ಕೆ ಟೇಪರ್ ಇಲ್ಲ, ನೇರ ಬೋಲ್ಟ್ ಸಾಕು. ಎರಡು ಮಾತು ಮಾತ್ರ. ಬೋಲ್ಟಿನ ತಲೆಯ ಕೆಳಗೆ ಬೇರಿಂಗಿಗಿಂತ ಅಗಲದ ದಪ್ಪ ವಾಷರ್ ಹಾಕಿ, ಒಳಗಿನ ಗುಂಡು ಕಿತ್ತು ಬಂದರೂ ರಾಡು ಕಳಚಿ ಬೀಳುವುದಿಲ್ಲ. ಮತ್ತೆ, ಇದಕ್ಕೆ ಬೂಟ್ ಇರುವುದಿಲ್ಲ, ಕೆಸರಿನಲ್ಲಿ ಬೇಗ ಸವೆಯುತ್ತದೆ. ರಬ್ಬರ್ ಕವರ್ ಸಿಕ್ಕರೆ ಹಾಕಿಕೊಳ್ಳಿ.

ಹೊಸದನ್ನು ಕೂರಿಸುವುದು

ರಾಡಿನ ಥ್ರೆಡ್ ತೊಳೆದು ಒಣಗಿಸಿ ಸ್ವಲ್ಪ ಗ್ರೀಸ್ ಸವರಿ. ಮುಂದಿನ ಸಲ ಬಿಚ್ಚುವವರು ನೆನೆಯುತ್ತಾರೆ. ಆದರೆ ಟೇಪರ್ ಪಿನ್ನಿಗೂ ಅದರ ತೂತಿಗೂ ಗ್ರೀಸ್ ಸೋಕಬಾರದು. ಅಲ್ಲಿ ಹಿಡಿತ ಇರುವುದೇ ಒಣ ಲೋಹ ಲೋಹಕ್ಕೆ ಕಚ್ಚಿಕೊಳ್ಳುವುದರಿಂದ. ಚಿಂದಿ ಬಟ್ಟೆಗೆ ಪೆಟ್ರೋಲ್ ಹಾಕಿ ಒರೆಸಿ, ಒಣಗಿಸಿ.

ಎಣಿಸಿದ ಸುತ್ತಿನಷ್ಟು ಜಾಯಿಂಟನ್ನು ರಾಡಿಗೆ ತಿರುಗಿಸಿ. ಎರಡೂ ತುದಿಯಲ್ಲಿ ಥ್ರೆಡ್ ಒಳಗೆ ಹೋಗಿರುವ ಉದ್ದ ಅದರ ದಪ್ಪದ ಒಂದೂವರೆ ಪಟ್ಟಾದರೂ ಇರಬೇಕು. ಎಂ14 ಆದರೆ 21 ಮಿ.ಮೀ. ಒಂದು ತುದಿ ಆಳಕ್ಕೆ ಹೋಗಿ ಇನ್ನೊಂದು ಎರಡೇ ಥ್ರೆಡ್ಡಿನಲ್ಲಿ ನೇತಾಡುವ ಹಾಗೆ ಆಗಬಾರದು.

ಪಿನ್ನುಗಳನ್ನು ಆರ್ಮಿಗೆ ಇಳಿಸಿ ಕ್ಯಾಸಲ್ ನಟ್ ಹಾಕಿ. ಕೆಲವೊಮ್ಮೆ ನಟ್ ಜೊತೆ ಪಿನ್ನೂ ತಿರುಗುತ್ತದೆ. ಟೇಪರ್ ಇನ್ನೂ ಕಚ್ಚಿಲ್ಲ ಅಂತ ಅರ್ಥ. ಬಟ್ಟಲನ್ನು ಸಣ್ಣ ಜಾಕಿಯಿಂದ ಅಥವಾ ಸಿ ಕ್ಲ್ಯಾಂಪಿನಿಂದ ಆರ್ಮಿನ ಕಡೆಗೆ ಒತ್ತಿ ಹಿಡಿದು ಬಿಗಿ ಮಾಡಿ, ಕಚ್ಚುತ್ತದೆ. ಬಿಗಿಯ ಅಂಕಿ ಗಾಡಿಯ ಮ್ಯಾನ್ಯುಯಲ್ಲಿನಲ್ಲಿದ್ದರೆ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ಎಂ12 ನಟ್ಟಿಗೆ 40ರಿಂದ 50 ನ್ಯೂಟನ್ ಮೀಟರ್ ಒಂದು ಅಂದಾಜು. ಒಂದು ಅಡಿ ಉದ್ದದ ಸ್ಪಾನರಿನ ತುದಿಗೆ 15 ಕೆ.ಜಿ. ತೂಗುಬಿಟ್ಟಷ್ಟು ಬಲ ಅದು. ಬಿಗಿ ಆದ ಮೇಲೆ ಸ್ಪ್ಲಿಟ್ ಪಿನ್ನಿನ ತೂತು ನಟ್ಟಿನ ಸೀಳಿಗೆ ಎದುರಾಗದಿದ್ದರೆ ಇನ್ನಷ್ಟು ಬಿಗಿ ಮಾಡಿ ಹೊಂದಿಸಿ. ಸಡಿಲಿಸಿ ಹೊಂದಿಸಬೇಡಿ. ಸ್ಪ್ಲಿಟ್ ಪಿನ್ ಹಾಕಿ ಎರಡೂ ಕಾಲು ಬಗ್ಗಿಸಿ. ಆದರೆ ರಾಡು ತಿರುಗಿಸಿ ಗಾಲಿ ನೇರ ಮಾಡಲು ನಿಮ್ಮ ಗಾಡಿಯಲ್ಲಿ ಒಂದು ತುದಿ ಬಿಚ್ಚಲೇಬೇಕು ಅನ್ನುವುದಾದರೆ, ಆ ತುದಿಯ ಪಿನ್ ಕಾಲು ಬಗ್ಗಿಸುವುದನ್ನು ಮುಂದೆ ಹೇಳುವ ಟೋ-ಇನ್ ಮುಗಿಯುವವರೆಗೆ ಬಾಕಿ ಇಡಿ.

ಟೋ-ಇನ್

ಮುಂದಿನ ಗಾಲಿಗಳ ಮುಂಭಾಗ ಹಿಂಭಾಗಕ್ಕಿಂತ ಸ್ವಲ್ಪ ಒಳಕ್ಕೆ ಇರಬೇಕು. ಇದೇ ಟೋ-ಇನ್. ಸಣ್ಣ ಟು ವೀಲ್ ಡ್ರೈವ್ ಟ್ರ್ಯಾಕ್ಟರುಗಳಿಗೆ ಸಾಮಾನ್ಯವಾಗಿ 3ರಿಂದ 6 ಮಿ.ಮೀ. ಒಳಗೆ. ನಿಮ್ಮ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಸರಿ. ಇದನ್ನು ಬಿಟ್ಟು ಬರೀ ಜಾಯಿಂಟ್ ಬದಲಿಸಿದರೆ ಹೊಸ ಟಯರೂ ಒಂದು ಹಂಗಾಮಿನಲ್ಲೇ ಅಂಚು ಸವೆಯುತ್ತದೆ.

ಗಾಡಿಯನ್ನು ನೆಲಕ್ಕೆ ಇಳಿಸಿ, ಬೆಣೆಗಳನ್ನು ತೆಗೆಯಿರಿ. ಎರಡೂ ಟಯರಿಗೆ ಒಂದೇ ಗಾಳಿ ಇರಲಿ. ಸ್ಟೇರಿಂಗ್ ನೇರ ಮಾಡಿ, ಗಾಡಿಯನ್ನು ಎರಡು ಮೂರು ಮೀಟರ್ ಮುಂದಕ್ಕೆ ತಳ್ಳಿ ನಿಲ್ಲಿಸಿ. ಹಿಂದಕ್ಕೆ ತಳ್ಳಬೇಡಿ, ಕೀಲುಗಳ ಒತ್ತು ಆಗ ಉಲ್ಟಾ ಆಗುತ್ತದೆ. ಟಯರಿನ ಮುಂದಿನ ಮುಖದಲ್ಲಿ, ಆಕ್ಸಲ್ ಎತ್ತರಕ್ಕೆ ಸರಿಯಾಗಿ, ನಡುವಿನ ಗೆರೆಯ ಮೇಲೆ ಎರಡೂ ಕಡೆ ಸೀಮೆಸುಣ್ಣದ ಗುರುತು ಹಾಕಿ. ಎರಡು ಗುರುತಿನ ನಡುವಿನ ಅಂತರ ಅಳೆದು ಬರೆಯಿರಿ. ಈಗ ಗಾಡಿಯನ್ನು ಅದೇ ಗುರುತು ಹಿಂದಕ್ಕೆ, ಅದೇ ಎತ್ತರಕ್ಕೆ ಬರುವವರೆಗೆ ಮುಂದಕ್ಕೆ ತಳ್ಳಿ. ಮತ್ತೆ ಅಳೆಯಿರಿ. ಗುರುತು ಹಿಂದೆ ಇದ್ದಾಗಿನ ಅಳತೆಯಿಂದ ಮುಂದೆ ಇದ್ದಾಗಿನ ಅಳತೆಯನ್ನು ಕಳೆದರೆ ಟೋ-ಇನ್. ಅದೇ ಗುರುತನ್ನು ಎರಡು ಸಲ ಬಳಸುವುದರಿಂದ ರಿಮ್ ಸ್ವಲ್ಪ ಸೊಟ್ಟಗಿದ್ದರೂ ಲೆಕ್ಕ ತಪ್ಪುವುದಿಲ್ಲ.

ಟೈ ರಾಡು ಆಕ್ಸಲ್ಲಿನ ಹಿಂದಿದ್ದರೆ, ರಾಡು ಉದ್ದ ಮಾಡಿದಾಗ ಟೋ-ಇನ್ ಹೆಚ್ಚುತ್ತದೆ. ರಾಡು ಮುಂದಿದ್ದರೆ ಇದರ ಉಲ್ಟಾ. ಎಷ್ಟು ತಿರುಗಿಸಬೇಕು ಅನ್ನುವುದಕ್ಕೆ ಮೊದಲಿನ ಲೆಕ್ಕ ನೆನಪಿಸಿಕೊಳ್ಳಿ: ರಾಡಿನಲ್ಲಿ 1 ಮಿ.ಮೀ. ಅಂದರೆ ಟಯರಿನಲ್ಲಿ 4. ಎಡ ಬಲ ಥ್ರೆಡ್ ಇರುವ ರಾಡು 1.5 ಪಿಚ್‌ನಲ್ಲಿ ಒಂದು ಸುತ್ತಿಗೆ 3 ಮಿ.ಮೀ. ಉದ್ದವಾಗುತ್ತದೆ. ಟಯರಿನಲ್ಲಿ ಅದು 12 ಮಿ.ಮೀ.! ಆದ್ದರಿಂದ ಕಾಲು ಸುತ್ತು ತಿರುಗಿಸಿ, ಗಾಡಿ ತಳ್ಳಿ, ಮತ್ತೆ ಅಳೆಯಿರಿ. ಎರಡೂ ಬಲ ಥ್ರೆಡ್ ಇದ್ದರೆ ಒಂದು ತುದಿ ಬಿಚ್ಚಿ ಜಾಯಿಂಟನ್ನು ಅರ್ಧರ್ಧ ಸುತ್ತು ತಿರುಗಿಸಬೇಕು. ಅರ್ಧ ಸುತ್ತಿಗೆ ಟಯರಿನಲ್ಲಿ ಸುಮಾರು 3 ಮಿ.ಮೀ. ಇಲ್ಲಿ ಅವಸರ ಮಾಡಬೇಡಿ.

ಅಳತೆ ಕೂಡಿಬಂದ ಮೇಲೆ ಚೆಕ್ ನಟ್ ಬಿಗಿ ಮಾಡುವಾಗ ಒಂದು ಸೂಕ್ಷ್ಮ ಇದೆ. ಎರಡೂ ಜಾಯಿಂಟಿನ ಬಟ್ಟಲುಗಳು ಒಂದೇ ಕೋನದಲ್ಲಿ ನಿಂತಿರಬೇಕು. ಒಂದು ಮುಂದಕ್ಕೆ, ಒಂದು ಹಿಂದಕ್ಕೆ ವಾಲಿದ್ದರೆ ಆಕ್ಸಲ್ ಆಡಿದಾಗ ಪಿನ್ ಬಟ್ಟಲಿನ ಅಂಚಿಗೆ ಒತ್ತುತ್ತದೆ. ಬಿಗಿ ಮಾಡಿದ ಮೇಲೆ ರಾಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಎರಡೂ ಕಡೆಗೆ ಅದು ಸ್ವಲ್ಪ ಸ್ವಲ್ಪ ವಾಲಬೇಕು. ಒಂದೇ ಕಡೆಗೆ ವಾಲಿದರೆ ಚೆಕ್ ನಟ್ ಬಿಚ್ಚಿ ಜಾಯಿಂಟ್ ಸರಿಪಡಿಸಿ. ಬಾಕಿ ಇಟ್ಟ ಸ್ಪ್ಲಿಟ್ ಪಿನ್ ಕಾಲು ಈಗ ಬಗ್ಗಿಸಿ.

ಸ್ಟೇರಿಂಗ್ ನಡು ಮತ್ತು ಬಾಕ್ಸ್

ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸುತ್ತು ಎಣಿಸಿ. ಅದರ ಅರ್ಧದಲ್ಲಿ ಗಾಲಿಗಳು ನೇರ ಇರಬೇಕು. ಇಲ್ಲದಿದ್ದರೆ ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಿ, ಟೈ ರಾಡನ್ನು ಮುಟ್ಟಬೇಡಿ. ಎರಡೂ ಕೊನೆಯಲ್ಲಿ ಗಾಲಿ ಸ್ಟಾಪರಿಗೆ ತಾಗಿ ನಿಲ್ಲಬೇಕೇ ಹೊರತು ಬಾಲ್ ಜಾಯಿಂಟಿಗೆ ಒತ್ತಿ ಅಲ್ಲ.

ಬಾಕ್ಸಿನೊಳಗೆ ಪ್ಲೇ ಸಿಕ್ಕಿದ್ದರೆ, ಬಾಕ್ಸಿನ ಮೇಲೆ ಚೆಕ್ ನಟ್ ಇರುವ ಅಡ್ಜಸ್ಟ್ ಸ್ಕ್ರೂ ಹುಡುಕಿ. ಡ್ರ್ಯಾಗ್ ಲಿಂಕ್ ಬಿಚ್ಚಿ, ಸ್ಟೇರಿಂಗ್ ನಡುವಿನಲ್ಲಿಟ್ಟು, ಸ್ಕ್ರೂವನ್ನು ಎಂಟರಲ್ಲಿ ಒಂದು ಭಾಗ ಸುತ್ತು ಬಿಗಿ ಮಾಡುತ್ತಾ ಹೋಗಿ. ಪ್ರತಿ ಸಲ ಕೊನೆಯಿಂದ ಕೊನೆಗೆ ತಿರುಗಿಸಿ ನೋಡಿ. ಹಲ್ಲು ಜಾಸ್ತಿ ಸವೆಯುವುದು ನಡುವಿನಲ್ಲಿ. ನಡುವಿನ ಪ್ಲೇ ಪೂರ್ತಿ ತೆಗೆಯಲು ಹೋದರೆ ಕೊನೆಗಳಲ್ಲಿ ಬಿಗಿದುಕೊಳ್ಳುತ್ತದೆ. ಹಾಗಾಗುವ ಮುಂಚೆ ನಿಲ್ಲಿಸಿ. ಚಕ್ರದ ಅಂಚಿನಲ್ಲಿ 20ರಿಂದ 40 ಮಿ.ಮೀ. ಪ್ಲೇ ಉಳಿದರೆ ಹಳೇ ಗಾಡಿಗೆ ಚೆನ್ನಾಗಿಯೇ ಇದೆ. ಬಾಕ್ಸಿನ ಆಯಿಲ್ ಮಟ್ಟವನ್ನೂ ನೋಡಿ. ಎಷ್ಟೋ ಬಾಕ್ಸ್ ಒಣಗಿ ನಿಂತಿರುತ್ತವೆ.

ಓಡಿಸಿ ನೋಡುವುದು, ಆಮೇಲಿನ ಗ್ರೀಸ್

ಮೊದಲ ಓಟ ಟ್ರೇಲರ್ ಇಲ್ಲದೆ, ಖಾಲಿ ಜಾಗದಲ್ಲಿ, ಲೋ ಗೇರಿನಲ್ಲಿ. ಎರಡೂ ಕಡೆ ಪೂರ್ತಿ ತಿರುಗಿಸಿ ಟಯರು, ರಾಡು ಎಲ್ಲಾದರೂ ತಾಗುತ್ತದಾ ನೋಡಿ. ಆಮೇಲೆ ರಸ್ತೆ. ನಡುಕ ಇನ್ನೂ ಇದ್ದರೆ ಸೀಮೆಸುಣ್ಣದ ಗುರುತಿಗೆ ವಾಪಸ್ ಹೋಗಿ. ಕಿಂಗ್ ಪಿನ್ ಬುಷ್ ಅಥವಾ ಹಬ್ ಬೇರಿಂಗ್ ಬಾಕಿ ಉಳಿದಿರುತ್ತದೆ.

ಒಂದು ದಿನದ ಕೆಲಸ ಮುಗಿದ ಮೇಲೆ ಚೆಕ್ ನಟ್‌ಗಳಿಗೆ ಮತ್ತೊಮ್ಮೆ ಸ್ಪಾನರ್ ಹಾಕಿ ನೋಡಿ. ಹೊಸ ಥ್ರೆಡ್ ಕೂತ ಮೇಲೆ ಒಂಚೂರು ಸಡಿಲಾಗುವುದಿದೆ.

ಗ್ರೀಸ್ ಲಿಥಿಯಂ ಗ್ರೀಸ್ ನಂಬರ್ 2 ಸಾಕು. ನಿಪ್ಪಲ್ಲಿನ ತಲೆ ಒರೆಸಿ, ಬೂಟ್ ಸ್ವಲ್ಪ ಉಬ್ಬುವವರೆಗೆ ಹೊಡೆಯಿರಿ. ಬೂಟ್ ಹರಿಯುವಷ್ಟು ಹೊಡೆಯಬೇಡಿ. ಕೆಸರಿನ ಕೆಲಸ ಇರುವ ದಿನಗಳಲ್ಲಿ ಗಾಡಿ ತೊಳೆದ ಮೇಲೆ ಗ್ರೀಸ್ ಹೊಡೆಯುವುದು ಒಳ್ಳೆಯದು, ಒಳಗೆ ಹೋದ ನೀರು ಹೊರಗೆ ಬರುತ್ತದೆ. ಪ್ರೆಷರ್ ವಾಷರಿನ ಮೂತಿಯನ್ನು ಬೂಟಿನ ತುಟಿಗೆ ನೇರ ಹಿಡಿಯಬೇಡಿ. ಕಿಂಗ್ ಪಿನ್ ನಿಪ್ಪಲ್ಲಿಗೆ ಗ್ರೀಸ್ ಹೊಡೆಯುವಾಗ ಆ ಪಕ್ಕದ ಗಾಲಿಯನ್ನು ಜಾಕಿಯಿಂದ ಎತ್ತಿ ಹೊಡೆದರೆ ಭಾರ ಹೊರುವ ಕೆಳಗಿನ ವಾಷರಿನವರೆಗೂ ಗ್ರೀಸ್ ತಲುಪುತ್ತದೆ.